ಮುಂದಿನ ತಿಂಗಳು ಬನ್ನಿ

(ದಾವಣಗೆರೆಯ ಒಂದು ಮನೆಯ ತಾರಸಿ. ಮಾರ್ಚ್ ತಿಂಗಳ ಬಿಸಿಲು ಇನ್ನೂ ಏರಿಲ್ಲ. ಹಳೆಯ ನೂಲಿನ ಸೀರೆಯೊಂದನ್ನು ನಾಲ್ಕು ಮೂಲೆಗೆ ಕಲ್ಲಿಟ್ಟು ಹಾಸಿದೆ. ಬೂದುಗುಂಬಳ ಹಾಕಿ ಕಲಸಿದ ಅರಳು ಸಂಡಿಗೆ ಬೋಗುಣಿಯಲ್ಲಿದೆ. ಕೂತು ಸಂಡಿಗೆ ಇಡುತ್ತಿರುವವರು ಇಬ್ಬರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಚಿಕ್ಕಮ್ಮ. ಖಾಸಗಿ ಐವಿಎಫ್ ಸೆಂಟರೊಂದರ ಲ್ಯಾಬಿನಲ್ಲಿ ಭ್ರೂಣತಜ್ಞೆಯಾಗಿರುವ ಅವರ ಅಕ್ಕನ ಮಗಳು.)

ಚಿಕ್ಕಮ್ಮ: ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ ಕಣೆ. ಕೊರೊನಾ ಹೊತ್ತಲ್ಲಿ ನಿಮ್ಮ ಸೆಂಟರ್ ಬಾಗಿಲು ಯಾಕೆ ತೆಗೆದಿದ್ರಿ?

ಮಗಳು: ಐದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ರಾ ಇದನ್ನ?

ಚಿಕ್ಕಮ್ಮ: ಆಗ ಕೇಳಿದ್ರೆ ಜಗಳ ಆಗ್ತಿತ್ತು. ಪಿಪಿಇ ಕಿಟ್ ಬಿಚ್ಚಿ ಮನೆಗೆ ಬಂದು, ಹಿತ್ತಲಲ್ಲೇ ತಲೆ ಮೇಲೆ ನೀರು ಸುರ್ಕೊಂಡು ಒಳಗೆ ಕಾಲಿಡ್ತಿದ್ದೆ. ಅಂಥಾ ಹೊತ್ತಲ್ಲಿ ನೀನು ಫೋನಲ್ಲಿ 'ಇವತ್ತು ಎರಡು ಟ್ರಾನ್ಸ್‌ಫರ್ ಇತ್ತು' ಅಂದ್ರೆ ನನಗೆ ಹೇಗಾಗಬೇಕು? ಇರೋ ಜೀವಕ್ಕೇ ಹಾಸಿಗೆ ಇಲ್ಲ, ಇವರು ಇನ್ನೂ ಬರದ ಜೀವಕ್ಕೆ ತೊಟ್ಟಿಲು ಕಟ್ತಿದ್ದಾರೆ ಅನ್ನಿಸ್ತಿತ್ತು.

ಮಗಳು: ತೆಗೆದಿದ್ದು ಆಮೇಲೆ. ಮೊದಲು ಮುಚ್ಚಿದ್ವಿ, ಅದನ್ನ ಯಾರೂ ಕೇಳಲ್ಲ. 2020ರ ಮಾರ್ಚ್ 17ಕ್ಕೆ ಅಮೆರಿಕದ ಸಂತಾನ ವೈದ್ಯರ ಸಂಘದಿಂದ ಸೂಚನೆ ಬಂತು. ಹೊಸ ಚಿಕಿತ್ಸೆ ಶುರು ಮಾಡಬೇಡಿ, ಭ್ರೂಣ ಗರ್ಭಕ್ಕೆ ಸೇರಿಸೋ ಟ್ರಾನ್ಸ್‌ಫರ್ ನಿಲ್ಲಿಸಿ, ಈಗಾಗಲೇ ಇಂಜೆಕ್ಷನ್ ಶುರುವಾದವರನ್ನ ಮಾತ್ರ ದಡ ಮುಟ್ಟಿಸಿ, ಕ್ಯಾನ್ಸರ್ ಔಷಧಿಗೆ ಹೋಗೋ ಹುಡುಗಿಯರ ಮೊಟ್ಟೆ ತೆಗೆದಿಡೋದಿದ್ರೆ ಅದನ್ನ ಮಾಡಿ ಅಂತ. ಯುರೋಪಿನವರೂ ಅದೇ ವಾರ ಅದೇ ಹಾಡು. ನಾವು ಇಲ್ಲಿ ಅದನ್ನೇ ಶಿರಸಾವಹಿಸಿದ್ವಿ. ಫೋನ್ ಮಾಡಿದೋರಿಗೆಲ್ಲ ಒಂದೇ ಉತ್ತರ, 'ಮುಂದಿನ ತಿಂಗಳು ಬನ್ನಿ.'

ಚಿಕ್ಕಮ್ಮ: ಸರಿಯಾಗೇ ಹೇಳಿದ್ರಿ. ತಪ್ಪೇನು ಅದ್ರಲ್ಲಿ?

ಮಗಳು: ಒಬ್ಬಳ ಕಥೆ ಹೇಳ್ತೀನಿ ಕೇಳಿ. ಹರಪನಹಳ್ಳಿ ಕಡೆಯವಳು. 24ನೇ ತಾರೀಕು ರಾತ್ರಿ ಎಂಟಕ್ಕೆ ಟಿವಿಯಲ್ಲಿ ಲಾಕ್‌ಡೌನ್ ಅಂದಾಗ ಅವಳಿಗೆ ಇಂಜೆಕ್ಷನ್ನಿನ ಎಂಟನೇ ದಿನ. ಇನ್ನು ಮೂರ್ನಾಲ್ಕು ದಿನಕ್ಕೆ ಮೊಟ್ಟೆ ತೆಗೀಬೇಕು. ಆ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮನೆಯಲ್ಲಿ ಫ್ರಿಜ್ ಇಲ್ಲ. ಊರಿನ ಕಿರಾಣಿ ಅಂಗಡಿಯ ಕೂಲ್‌ಡ್ರಿಂಕ್ಸ್ ಫ್ರಿಜ್ಜಿನಲ್ಲಿ ಇಡಿಸಿದ್ದಳು, ಅತ್ತೆಯ ಸಕ್ಕರೆ ಕಾಯಿಲೆ ಇಂಜೆಕ್ಷನ್ ಅಂತ ಹೇಳಿ. ಅಂಗಡಿ ಬಂದ್ ಆಯ್ತು. ದಿನಾ ಸಂಜೆ ಸೆರಗು ಮುಚ್ಚಿಕೊಂಡು ಹಿಂಬಾಗಿಲು ತಟ್ಟಿ ಒಂದೊಂದು ಬಾಟಲಿ ತರ್ತಿದ್ದಳು. ದಿನಾ ಚುಚ್ಚೋಕೆ ಬರ್ತಿದ್ದ ಕಾಂಪೌಂಡರ್ ಬರಲ್ಲ ಅಂದ. ಟೆಲಿಮೆಡಿಸಿನ್‌ಗೆ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದು 25ನೇ ತಾರೀಕು. ಅದರ ಮಾರನೇ ದಿನ ನಮ್ಮ ಡಾಕ್ಟರು ವಿಡಿಯೋ ಕಾಲ್‌ನಲ್ಲಿ ಅವಳ ಗಂಡನಿಗೆ ಚುಚ್ಚೋದು ಕಲಿಸಿದ್ರು. ಅವನ ಕೈ ನಡುಗ್ತಿತ್ತು, ಅವಳೇ ಕಿತ್ತುಕೊಂಡು ಚುಚ್ಚಿಕೊಂಡಳು.

ಚಿಕ್ಕಮ್ಮ: ಬಂದಳಾ ಕೊನೆಗೆ?

ಮಗಳು: ಕೊನೇ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಮೊಟ್ಟೆ ತೆಗೀಲೇಬೇಕು. ತಡ ಆದ್ರೆ ಒಳಗೇ ಒಡೆದು ಹೋಗುತ್ತೆ, ಅಷ್ಟೂ ದಿನದ್ದು ನೀರಲ್ಲಿ ಹೋಮ. ಟೊಮೆಟೊ ಸಾಗಿಸೋ ಗಾಡಿಯಲ್ಲಿ ಕೂತು ಬಂದರು. ಚೆಕ್‌ಪೋಸ್ಟ್‌ನಲ್ಲಿ ಪೊಲೀಸಪ್ಪ 'ಏನಮ್ಮ ಎಮರ್ಜೆನ್ಸಿ' ಅಂದ್ರೆ ಇವಳು ಏನಂತ ಹೇಳಬೇಕು? ಗಂಡ ಮೈದುನ ಇಬ್ಬರೂ ಪಕ್ಕದಲ್ಲಿ. ಡಾಕ್ಟರ ಚೀಟಿ ಕೈಯಲ್ಲೇ ಇದೆ, ತೋರಿಸೋಕೆ ನಾಚಿಕೆ. 'ಹೊಟ್ಟೆ ನೋವು ಸಾರ್' ಅಂದಳಂತೆ. ಬಿಟ್ಟರು. ಮೊಟ್ಟೆ ತೆಗೆದು, ಭ್ರೂಣ ಮಾಡಿ, ಫ್ರೀಜ್ ಮಾಡಿಟ್ವಿ. ಆ ದಿನ ನಮ್ಮ ಲ್ಯಾಬಲ್ಲಿ ನಾನೊಬ್ಬಳೇ. ಇನ್ನೊಬ್ಬ ಹುಡುಗ ಚಿತ್ರದುರ್ಗದಲ್ಲಿ ಸಿಕ್ಕಿಹಾಕ್ಕೊಂಡಿದ್ದ.

ಚಿಕ್ಕಮ್ಮ: ಹೊಟ್ಟೆ ನೋವು. ಸುಳ್ಳೂ ಅಲ್ಲ ಬಿಡು. (ಸಂಡಿಗೆ ಇಡುವ ಕೈ ನಿಲ್ಲುತ್ತದೆ.) ಆದ್ರೂ ಒಂದು ಹೇಳ್ತೀನಿ. ಅರ್ಧಕ್ಕೆ ಬಂದವಳನ್ನ ನಡುನೀರಲ್ಲಿ ಬಿಡಬಾರದು, ಒಪ್ಪಿದೆ. ಶುರುವೇ ಮಾಡದೇ ಇರೋರು ಆರು ತಿಂಗಳು ಕಾದ್ರೆ ಏನು ಮುಳುಗಿ ಹೋಗುತ್ತೆ? ಹತ್ತು ವರ್ಷ ಕಾದಿರ್ತಾರೆ.

ಮಗಳು: ವಿಜ್ಞಾನವೂ ನಿಮ್ಮ ಕಡೆಗೇ ಇದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್‌ನವರು 2020ರಲ್ಲೇ ಒಂದು ಅಧ್ಯಯನ ಪ್ರಕಟಿಸಿದ್ರು. ಮೊಟ್ಟೆ ದಾಸ್ತಾನು ಕಡಿಮೆ ಇರೋ ಹೆಂಗಸರನ್ನೇ ತಗೊಂಡು ನೋಡಿದ್ದು. ಮೂರು ತಿಂಗಳೊಳಗೆ ಚಿಕಿತ್ಸೆ ಶುರು ಮಾಡಿದವರಿಗೂ, ಮೂರರಿಂದ ಆರು ತಿಂಗಳು ತಡವಾಗಿ ಶುರು ಮಾಡಿದವರಿಗೂ ಮಗು ಆಗೋ ಪ್ರಮಾಣದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ನಮ್ಮ ಡಾಕ್ಟರು ಅದನ್ನ ಓದಿ ನಿರಾಳ ಆದ್ರು. ನನಗೆ ಆಗಲಿಲ್ಲ.

ಚಿಕ್ಕಮ್ಮ: ಯಾಕೆ, ಲೆಕ್ಕ ತಪ್ಪಿತ್ತಾ?

ಮಗಳು: ಲೆಕ್ಕ ಸರಿ. ಆದ್ರೆ ಎಣಿಸಿದ್ದು ಯಾರನ್ನ? ತಡವಾಗಿಯಾದ್ರೂ ಬಂದು ಶುರು ಮಾಡಿದವರನ್ನ. ಬರದೇ ಹೋದವರು ಆ ಪುಸ್ತಕದಲ್ಲೇ ಇಲ್ಲ. ಅಲ್ಲಿ ಅದು ದೊಡ್ಡ ಸಂಗತಿ ಅಲ್ಲದೇ ಇರಬಹುದು. ಇಲ್ಲಿ ಹೇಗೆ ಬರ್ತಾರೆ ನೋಡಿ. ಒಂದು ಸಲದ ಐವಿಎಫ್‌ಗೆ ಒಂದೂವರೆ ಎರಡು ಲಕ್ಷ. ವಿಮೆ ಕಂಪನಿಗಳು ಹೊರಗಿಡೋ ಕಾಯಿಲೆಗಳ ಪಟ್ಟಿಯಲ್ಲಿ ಬಂಜೆತನದ್ದು 17ನೇ ನಂಬರು. ಆಯುಷ್ಮಾನ್ ಕಾರ್ಡ್ ತೋರಿಸಿದ್ರೂ ಇದಕ್ಕೆ ನಡೆಯಲ್ಲ. ಹಂಗಾಗಿ ಎಮ್ಮೆ ಮಾರಿ, ಸರ ಅಡವಿಟ್ಟು, ಮೆಕ್ಕೆಜೋಳದ ದುಡ್ಡು ಸೇರಿಸಿ ಒಂದು ಗಂಟು ಮಾಡಿರ್ತಾರೆ. ಆ ಗಂಟಿನ ಆಯಸ್ಸು ಎಷ್ಟು ಅಂತೀರಿ? ಅಂಡಾಶಯ ಆರು ತಿಂಗಳು ಕಾಯುತ್ತೆ ಚಿಕ್ಕಮ್ಮ, ಗಂಟು ಕಾಯಲ್ಲ.

ಚಿಕ್ಕಮ್ಮ: ಮನೆಯಲ್ಲಿ ಯಾರಿಗೋ ಒಬ್ಬರಿಗೆ ಕೆಮ್ಮು ಬಂದ್ರೆ ಸಾಕಿತ್ತು.

ಮಗಳು: ಅದೇ. ಅತ್ತೆಯ ಮನಸ್ಸೂ ಕಾಯಲ್ಲ. 'ಒಂದು ಸಲ ಮಾಡ್ಸಿ ನೋಡೋಣ' ಅಂತ ಒಪ್ಪಿದ್ದೇ ದೊಡ್ಡದು, ಆ ಒಪ್ಪಿಗೆ ಮುಂದಿನ ತಿಂಗಳಿಗೆ ಇರುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ? ತಡ ಮಾಡಿದ್ರೆ ತೊಂದರೆ ಇಲ್ಲ ಅನ್ನೋದು, ಮತ್ತೆ ಬರೋಕೆ ದಾರಿ ಇರೋ ದೇಶದ ಮಾತು. ನಾವು ಅದನ್ನ ಹಂಗಂಗೇ ಎತ್ಕೊಂಡು ಇಲ್ಲಿ ಗೋಡೆಗೆ ಅಂಟಿಸಿದ್ವಿ.

ಚಿಕ್ಕಮ್ಮ: ಇದೆಲ್ಲ ದುಡ್ಡಿದ್ದೋರ ಕಾಯಿಲೆ ಅಂತ ನಾನು ಅಂದ್ಕೊಂಡಿದ್ದೆ.

ಮಗಳು: ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತು. ಜೀವಮಾನದಲ್ಲಿ ಒಮ್ಮೆಯಾದ್ರೂ ಈ ತೊಂದರೆ ಅನುಭವಿಸೋರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 17.8, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 16.5. ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರೋದು ಕೌಂಟರಿನಲ್ಲಿ.

ಚಿಕ್ಕಮ್ಮ: ನಮ್ಮ ಇಲಾಖೆ ಅದನ್ನ ಕಾಯಿಲೆ ಅಂತ ನೋಡಿದ್ದು ಯಾವಾಗ? ನನ್ನ ಸರ್ವೀಸಿನಲ್ಲಿ ಅರ್ಧ ಆಯಸ್ಸು ಆಪರೇಷನ್ ಕ್ಯಾಂಪಿಗೆ ಹೆಂಗಸರನ್ನ ಹೊಂದಿಸೋದ್ರಲ್ಲೇ ಹೋಯ್ತು. ಟಾರ್ಗೆಟ್ ಇರ್ತಿತ್ತು. ಸಾಲಾಗಿ ಮಲಗಿಸಿ, ಚಾಪೆ ಮೇಲೆ. ಈ ದೇಶದ ಹೆಂಗಸಿಗೆ ಹೆರೋದು ಜಾಸ್ತಿ ಆಗಿದೆ ಅಂತಲೇ ನಮಗೆ ಪಾಠ. ಹೆರಲಾರದವಳು ಓಪಿಡಿಗೆ ಬಂದ್ರೆ ಯಾವ ರಿಜಿಸ್ಟರಿನಲ್ಲಿ ಬರೀಬೇಕು ಅಂತಲೇ ಗೊತ್ತಿರ್ತಿರಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸ್ತಿದ್ವಿ.

ಮಗಳು: ಆ ಕ್ಯಾಂಪಿನಲ್ಲಿ ಆಪರೇಷನ್ ಆಗಿ, ಆಮೇಲೆ ಇದ್ದ ಒಬ್ಬ ಮಗನನ್ನ ಕಳ್ಕೊಂಡವರು ನಮ್ಮಲ್ಲಿಗೆ ಬರ್ತಾರೆ ಗೊತ್ತಾ?

ಚಿಕ್ಕಮ್ಮ: ಗೊತ್ತು. ಒಬ್ಬಳನ್ನ ನಾನೇ ಕಳಿಸಿದ್ದೆ ನಿನ್ನ ಹತ್ರ. ಹೆಸರು ಬೇಡ.

(ಕಾಗೆಯೊಂದು ಕಟ್ಟೆಯ ಮೇಲೆ ಬಂದು ಕೂತಿದೆ. ಮಗಳು ಕೈಯಲ್ಲಿದ್ದ ಚಮಚ ತೋರಿಸಿ ಓಡಿಸುತ್ತಾಳೆ.)

ಚಿಕ್ಕಮ್ಮ: ಮೊದಲನೇ ಅಲೆ ಬಿಡು. 2021ರ ಏಪ್ರಿಲ್, ಮೇ. ಅದನ್ನ ಹೇಳು. ಅದಕ್ಕೆ ಏನು ಸಮಜಾಯಿಷಿ?

ಮಗಳು: ಅದಕ್ಕೆ ಸಮಜಾಯಿಷಿ ಇಲ್ಲ. ಆ ಎರಡು ತಿಂಗಳು ನಾನು ಮಾಡಿದ ಒಂದೇ ಕೆಲಸ ನೈಟ್ರೋಜನ್ ಕಾದಿದ್ದು.

ಚಿಕ್ಕಮ್ಮ: ಅದೇ ದನದ ಆಸ್ಪತ್ರೆ ಕ್ಯಾನಿನಲ್ಲಿ ಹೊಗೆಯಾಡುತ್ತಲ್ಲ, ಅದಾ?

ಮಗಳು: ಅದೇ. ಎಮ್ಮೆಗೆ ಹಾಕೋ ವೀರ್ಯದ ಸ್ಟ್ರಾನೂ, ಮನುಷ್ಯರ ಭ್ರೂಣದ ಸ್ಟ್ರಾನೂ ಮುಳುಗಿರೋದು ಒಂದೇ ದ್ರವದಲ್ಲಿ, ಮೈನಸ್ 196 ಡಿಗ್ರಿ. ಕ್ಯಾನಿಗೆ ಕರೆಂಟು ಬೇಡ, ಮೋಟರು ಬೇಡ. ಆದ್ರೆ ಅದು ಸುಮ್ಮನೆ ಆರಿ ಹೋಗ್ತಾ ಇರುತ್ತೆ. ಪ್ರತಿ ಸೋಮವಾರ ತುಂಬಬೇಕು. ಮೊದಲು ಒಂದು ಸ್ಕೇಲು ಇಳಿಬಿಡ್ತೀವಿ. ತಳ ಮುಟ್ಟಿಸಿ, ಹತ್ತು ಎಣಿಸಿ ಮೇಲೆತ್ತಿ ಗಾಳಿಯಲ್ಲಿ ಆಡಿಸಬೇಕು. ಎಲ್ಲಿವರೆಗೆ ಬಿಳೀ ಮಂಜು ಹಿಡಿಯುತ್ತೋ ಅಲ್ಲಿವರೆಗೆ ದ್ರವ ಇದೆ ಅಂತ. ಆ ಏಪ್ರಿಲ್ಲಿನಲ್ಲಿ ಮಂಜಿನ ಗೆರೆ ವಾರದಿಂದ ವಾರಕ್ಕೆ ಕೆಳಗಿಳೀತಾ ಬಂತು. ಸಪ್ಲೈ ಮಾಡೋನು ಫೋನ್ ಎತ್ತಲ್ಲ. ಎತ್ತಿದಾಗ ಒಂದೇ ಮಾತು, 'ಟ್ಯಾಂಕರ್ ಇಲ್ಲ ಮೇಡಂ, ಎಲ್ಲ ಆಕ್ಸಿಜನ್‌ಗೆ ಹೋಗಿದೆ.'

ಚಿಕ್ಕಮ್ಮ: ಹೌದು, ನೈಟ್ರೋಜನ್ ಟ್ಯಾಂಕರುಗಳನ್ನೂ ಆಕ್ಸಿಜನ್‌ಗೆ ಬದಲಾಯಿಸಿ ಅಂತ ಕೇಂದ್ರದಿಂದ ಆದೇಶ ಆಗಿತ್ತು. ಪೇಪರಲ್ಲಿ ಓದಿ ನಾವು ಕೈ ಮುಗಿದಿದ್ವಿ.

ಮಗಳು: ನೀವು ಕೈ ಮುಗಿದಿದ್ದು ಯಾವುದಕ್ಕೋ ಅದಕ್ಕೇ ನಾನು ಹೆದರಿದ್ದು. ಪ್ಲಾಂಟಿನಲ್ಲಿ ಆಗೋದು ಇಷ್ಟೇ ಚಿಕ್ಕಮ್ಮ. ಗಾಳಿಯನ್ನೇ ಹಿಡಿದು, ಒತ್ತಿ, ತಂಪು ಮಾಡಿ ನೀರು ಮಾಡ್ತಾರೆ. ಒಂದು ಕಂಬದೊಳಗೆ ಅದ್ರಿಂದ ಮೈನಸ್ 196ಕ್ಕೆ ನೈಟ್ರೋಜನ್ ಬೇರೆಯಾಗುತ್ತೆ, ಮೈನಸ್ 183ಕ್ಕೆ ಆಮ್ಲಜನಕ. ಒಂದೇ ಗಾಳಿ, ಒಂದೇ ಕಂಬ, ಹದಿಮೂರು ಡಿಗ್ರಿ ಅಂತರ. ನಿಮ್ಮ ವಾರ್ಡಿಗೂ ನನ್ನ ಕ್ಯಾನಿಗೂ ಅಷ್ಟೇ ದೂರ. ತೋರಣಗಲ್ಲಿನ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರು ಹೊರಟಿತು ಅಂತ ಟಿವಿಯಲ್ಲಿ ತೋರಿಸಿದಾಗ ಸಂತೋಷ ಆಗಬೇಕಿತ್ತು. ಆಯ್ತು ಕೂಡ. ಜೊತೆಗೆ, ನಮ್ಮದು ಯಾವಾಗ ಅಂತ ಒಂದು ಹಾಳು ಯೋಚನೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಚಿಕ್ಕಮ್ಮ: ನಾನು ಆ ವಾರ ಸಿಲಿಂಡರಿನ ಮುಳ್ಳು ನೋಡ್ಕೊಂಡು ಕೂತಿದ್ದೆ. ನೀನು ಮಂಜಿನ ಗೆರೆ. ಹೇಳಿದ್ರೆ ಒದೀತಿದ್ದೆ ನಿನ್ನ.

ಮಗಳು: ಅದಕ್ಕೇ ಹೇಳಲಿಲ್ಲ. ಕೊನೆಗೆ ಒಬ್ಬ ಪಶುವೈದ್ಯರು, ಪುಣ್ಯಾತ್ಮ, ತಮ್ಮ ದಾಸ್ತಾನಿನಿಂದ ಒಂದು ಸಣ್ಣ ಕ್ಯಾನ್ ಕಡ ಕೊಟ್ಟರು. 'ನಮ್ಮ ಎಚ್‌ಎಫ್ ಹೋರಿಗೆ ಒಂದು ವಾರ ರಜಾ' ಅಂತ ನಕ್ಕರು. ಕಾರಿನ ಹಿಂದಿನ ಸೀಟು, ಕಿಟಕಿ ಪೂರ್ತಿ ಇಳಿಸಿ. ಮುಚ್ಚಿದ ಕಾರಿನಲ್ಲಿ ನೈಟ್ರೋಜನ್ ಆವಿ ತುಂಬಿದ್ರೆ ಉಸಿರೇ ಸಿಗಲ್ಲ. ಯೋಚನೆ ಮಾಡಿ, ಉಸಿರು ಸಿಗದೆ ಜನ ಸಾಯ್ತಿರೋ ಊರಲ್ಲಿ ನಾನು ಅದನ್ನ ಹಿಂದೆ ಕೂರಿಸಿಕೊಂಡು ಹೋಗ್ತಿದ್ದೀನಿ.

ಚಿಕ್ಕಮ್ಮ: ಲ್ಯಾಬಿಗೆ ಬೇಕಾದ ಬೇರೆ ಸಾಮಾನು?

ಮಗಳು: ಭ್ರೂಣ ಬೆಳೆಸೋ ದ್ರವ ಹೆಚ್ಚಾಗಿ ಯುರೋಪಿನಿಂದ ವಿಮಾನದಲ್ಲಿ ಬರುತ್ತೆ, ಐಸ್ ಪೆಟ್ಟಿಗೆಯಲ್ಲಿ. ಅದರ ಆಯಸ್ಸು ವಾರಗಳ ಲೆಕ್ಕ. 2020ರಲ್ಲಿ ವಿಮಾನ ನಿಂತಾಗ ಇದ್ದ ಬಾಟಲಿಗಳು ಫ್ರಿಜ್ಜಿನಲ್ಲೇ ತಾರೀಕು ಮುಗಿಸಿಕೊಂಡವು. ಚೆಲ್ಲಿದ್ವಿ. ಇನ್ನೊಂದು ತಮಾಷೆ. ಊರೆಲ್ಲ ಸ್ಯಾನಿಟೈಸರಿನಲ್ಲಿ ಮೀಯ್ತಿದ್ದಾಗ ನಮ್ಮ ಲ್ಯಾಬಿನ ಬಾಗಿಲಲ್ಲಿ ಮಾತ್ರ 'ಸ್ಯಾನಿಟೈಸರ್ ಹಚ್ಚಿ ಒಳಗೆ ಬರಬಾರದು' ಅಂತ ಬೋರ್ಡು. ಸ್ಪಿರಿಟ್ಟಿನ ಆವಿ ಭ್ರೂಣಕ್ಕೆ ಆಗಲ್ಲ. ಸೋಪು ಹಾಕಿ ಕೈ ತೊಳೆದು, ಒಣಗಿಸಿ ಹೋಗಬೇಕು. ಆಡಿಟ್‌ಗೆ ಬಂದವರೊಬ್ಬರು ಆ ಬೋರ್ಡಿನ ಫೋಟೋ ತೆಗೆದು ನಮ್ಮ ಮೇಲೆ ದೂರು ಹಾಕೋಕೆ ಹೊರಟಿದ್ರು.

ಚಿಕ್ಕಮ್ಮ: (ನಗುತ್ತಾ) ಬೆಲ್ಜಿಯಮ್ಮಿನಲ್ಲಿ ಯಾರೋ ಅಡಿಗೆ ಸೋಡಾದಲ್ಲಿ ಮಗು ಮಾಡ್ತಾರೆ ಅಂತ ಒಂದು ಸಲ ಹೇಳಿದ್ದೆಯಲ್ಲ, ಅದೇನಾಯ್ತು?

ಮಗಳು: ಸೋಡಾದಲ್ಲಿ ಮಗು ಮಾಡಲ್ಲ! ಭ್ರೂಣ ಬೆಳೆಯೋಕೆ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕೆ ನಮ್ಮಲ್ಲಿ ಲಕ್ಷಾಂತರ ರೂಪಾಯಿ ಇನ್ಕ್ಯುಬೇಟರು, ಗ್ಯಾಸ್ ಸಿಲಿಂಡರು. ಬೆಲ್ಜಿಯಮ್ಮಿನ ಗೆಂಕ್ ಊರಿನ ಡಾ. ವಿಲ್ಲೆಮ್ ಓಂಬೆಲೆ ಅವರ ಗುಂಪು, ಒಂದು ಕೊಳವೆಯಲ್ಲಿ ಸಿಟ್ರಿಕ್ ಆಸಿಡ್ಡು ಅಡಿಗೆ ಸೋಡಾ ಸೇರಿಸಿದ್ರೆ ಅದೇ ಗ್ಯಾಸು ಬರುತ್ತಲ್ಲ, ಅದನ್ನ ಪಕ್ಕದ ಕೊಳವೆಗೆ ಹಾಯಿಸಿದ್ರಾಯ್ತು ಅಂತ ಮಾಡಿ ತೋರಿಸಿದ್ರು. 2012ರಲ್ಲಿ ಮೊದಲ ಮಕ್ಕಳು ಹುಟ್ಟಿದ್ರು. ಆಫ್ರಿಕಾದ ಘಾನಾಕ್ಕೂ ಅದನ್ನ ಒಯ್ದರು. ಬಡ ದೇಶಕ್ಕೆ ಅಂತಲೇ ಯೋಚಿಸಿ ಮಾಡಿದ್ದು.

ಚಿಕ್ಕಮ್ಮ: ನಿಂಬೆಹುಳಿ, ಸೋಡಾ. ನಿಮ್ಮ ಸೆಂಟರಿನಲ್ಲಿ ಯಾಕೆ ಮಾಡಲ್ಲ?

ಮಗಳು: ದುಡ್ಡು ಕೊಟ್ಟು ಬಂದವರಿಗೆ ಗಾಜಿನ ಕೊಳವೆ ತೋರಿಸಿದ್ರೆ ನಂಬ್ತಾರಾ? ಪರದೆ ಮಿನುಗಬೇಕು. ಬೇಕು ಅಂತ ಮನಸ್ಸು ಮಾಡಬೇಕಾದದ್ದು ಸರ್ಕಾರಿ ಆಸ್ಪತ್ರೆ. ಹಾಗೆ ನೋಡಿದ್ರೆ ನಮ್ಮವರೇ ಬಡತನದಲ್ಲಿ ಮಾಡಿ ತೋರಿಸಿದ್ರು, 1978ರಲ್ಲಿ. ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ. ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿ ಎರಡೂವರೆ ತಿಂಗಳೊಳಗೆ ಇಲ್ಲಿ ಇನ್ನೊಂದು. ಅದೂ ಭ್ರೂಣವನ್ನ 53 ದಿನ ಫ್ರೀಜ್ ಮಾಡಿಟ್ಟು! ಸರ್ಕಾರ ಒಂದು ಸಮಿತಿ ಕೂರಿಸಿ ಸುಳ್ಳು ಅಂತ ತೀರ್ಮಾನ ಮಾಡ್ತು, ಆ ಮನುಷ್ಯ 1981ರಲ್ಲಿ ಆತ್ಮಹತ್ಯೆ ಮಾಡ್ಕೊಂಡ್ರು. ದೇಶದ ಮೊದಲ ಪ್ರನಾಳ ಶಿಶು ನಮ್ಮದು ಅಂತ 1986ರಲ್ಲಿ ಹೆಸರು ಮಾಡಿದ್ದ ವಿಜ್ಞಾನಿ ಡಾ. ಆನಂದ್ ಕುಮಾರ್ ಅವರೇ, 1997ರಲ್ಲಿ ನಮ್ಮ ಬೆಂಗಳೂರಿನಿಂದ ಬರೋ 'ಕರೆಂಟ್ ಸೈನ್ಸ್'ನಲ್ಲಿ, ಮೊದಲು ಮಾಡಿದ್ದು ನಾನಲ್ಲ ಮುಖರ್ಜಿ ಅಂತ ಬರೆದರು. ನನಗೆ ಆ ಲೇಖನಕ್ಕಿಂತ ಆ ಮನಸ್ಸು ದೊಡ್ಡದು ಅನ್ನಿಸುತ್ತೆ. ಕೊರೊನಾದಲ್ಲಿ ನಮ್ಮನ್ನ ಉಳಿಸಿದ್ದೂ ಅದೇ ಫ್ರೀಜ್ ಮಾಡೋ ವಿದ್ಯೆ.

ಚಿಕ್ಕಮ್ಮ: ಸರಿ, ಈಗ ನನ್ನ ಮಾತು ಕೇಳು. ನಿನ್ನ ಗಂಟಿನ ಲೆಕ್ಕ ಒಪ್ಪಿದೆ. ಆದ್ರೆ ನೀನು ನಿಮ್ಮ ಬಾಗಿಲಿಗೆ ಬಂದವರನ್ನ ಮಾತ್ರ ಎಣಿಸ್ತಿದ್ದೀಯ, ಆ ನ್ಯೂಯಾರ್ಕಿನವರ ಥರಾನೇ. ನಿಮ್ಮಲ್ಲಿಗೆ ಬರೋ ಹೆಂಗಸರಲ್ಲಿ ನಾಳ ಕಟ್ಟಿಕೊಂಡಿರೋ ಎಷ್ಟು ಜನಕ್ಕೆ ಟಿಬಿ ಇರುತ್ತೆ?

ಮಗಳು: ಇರ್ತಾರೆ. ಕೆಮ್ಮಿಲ್ಲ, ಜ್ವರ ಇಲ್ಲ, ಸುಮ್ಮನೆ ಒಳಗೆ ಗರ್ಭನಾಳ ತಿಂದು ಹಾಕಿರುತ್ತೆ.

ಚಿಕ್ಕಮ್ಮ: 2019ರಲ್ಲಿ ದೇಶದಲ್ಲಿ 24 ಲಕ್ಷ ಟಿಬಿ ಕೇಸು ಬರೆದುಕೊಂಡಿದ್ವಿ. 2020ರಲ್ಲಿ 18 ಲಕ್ಷ. ಕಾಯಿಲೆ ಕಮ್ಮಿ ಆಗಿದ್ದಲ್ಲ ಕಣೆ. ಟಿಬಿ ನೋಡೋ ಮಷೀನಿನಲ್ಲಿ ಕೊರೊನಾ ನೋಡ್ತಿದ್ವಿ. ಮನೆ ಮನೆಗೆ ಹೋಗಿ ಕಫ ತರ್ತಿದ್ದ ಹುಡುಗರೆಲ್ಲ ಕ್ವಾರಂಟೈನ್ ಡ್ಯೂಟಿಗೆ. ಮಾತ್ರೆ ಬಿಟ್ಟವರು ಎಷ್ಟೋ. ಅವರ ಮನೆಯಲ್ಲಿ ಹದಿನೆಂಟು ಇಪ್ಪತ್ತರ ಹೆಣ್ಣುಮಕ್ಕಳು ಇದ್ರು, ಅದೇ ಗಾಳಿ ಕುಡ್ಕೊಂಡು. ಅವರು ಮದುವೆಯಾಗಿ, ನಾಲ್ಕು ವರ್ಷ ಕಾದು, ನಿಮ್ಮ ಸೆಂಟರಿಗೆ ಬರೋ ಹೊತ್ತು ಈಗ ಬರ್ತಿದೆ. ಆರು ತಿಂಗಳು ಪುಕ್ಕಟೆ ಮಾತ್ರೆ ನುಂಗಿದ್ರೆ ಮುಗೀತಿತ್ತು. ಇನ್ನು ಎರಡು ಲಕ್ಷದ ಗಂಟು ಕಟ್ಟಬೇಕು. ನೀನು ನೈಟ್ರೋಜನ್ ಕಾಯ್ತಾ ಕೂತಿದ್ದೆ. ಆ ಹುಡುಗಿಯರನ್ನ ಯಾರು ಕಾದ್ರು?

(ಸ್ವಲ್ಪ ಹೊತ್ತು ಸಂಡಿಗೆ ಇಡುವ ಚಮಚದ ಸದ್ದು ಮಾತ್ರ.)

ಮಗಳು: ಇದನ್ನ ನಮ್ಮ ಸಂಘಗಳ ಯಾವ ಮಾರ್ಗಸೂಚಿಯಲ್ಲೂ ನಾನು ಓದಿಲ್ಲ. ಸೆಂಟರುಗಳನ್ನ ಮತ್ತೆ ತೆಗೆಯೋಕೆ ಐಸಾರ್, ಫರ್ಟಿಲಿಟಿ ಸೊಸೈಟಿ, ನಮ್ಮ ಭ್ರೂಣತಜ್ಞರ ಅಕಾಡೆಮಿ ಮೂರೂ ಸೇರಿ ಪುಟಗಟ್ಟಲೆ ಬರೆದವು. ಗಂಡ ಹೆಂಡತಿ ಇಬ್ಬರ ಕೊರೊನಾ ಟೆಸ್ಟು, ಮಾಸ್ಕು, ಅಂತರ, ಎಲ್ಲ ಇತ್ತು. ಒಳ್ಳೇದೇ. ಆದ್ರೆ ಆ ಟೆಸ್ಟಿಗೆ ಖಾಸಗಿ ಲ್ಯಾಬಿನಲ್ಲಿ ಮೊದಮೊದಲು ತಲೆಗೆ 4,500 ತನಕ ಇತ್ತು. ಅದೂ ಗಂಟಿನಿಂದಲೇ ಹೋಗಬೇಕು.

ಚಿಕ್ಕಮ್ಮ: ಲಸಿಕೆ ಹಾಕೋವಾಗ ನನಗೆ ಸಿಕ್ಕಿದ ತಲೆನೋವು ಗೊತ್ತಾ? 'ಸಿಸ್ಟರ್, ಇದು ಹಾಕಿಸಿಕೊಂಡ್ರೆ ಮಕ್ಕಳಾಗಲ್ವಂತೆ.' ಹೊಸದಾಗಿ ಮದುವೆಯಾದವರು ಒಬ್ಬರೂ ತೋಳು ಚಾಚ್ತಿರಲಿಲ್ಲ. ಗರ್ಭಿಣಿಯರಿಗೆ ಹಾಕಬಹುದು ಅಂತ 2021ರ ಜುಲೈನಲ್ಲಿ ಹೇಳೋ ತನಕ ನಮಗೂ ಎದೆ ತಟ್ಟಿ ಹೇಳೋಕೆ ಧೈರ್ಯ ಇರಲಿಲ್ಲ. ಆ ಭಯ ನೋಡಿದ ಮೇಲೆ ನನಗೆ ಒಂದು ತಿಳೀತು. ಸಾಯ್ತೀನಿ ಅನ್ನೋದಕ್ಕಿಂತ ಬಂಜೆ ಆಗ್ತೀನಿ ಅನ್ನೋ ಹೆದರಿಕೆ ದೊಡ್ಡದು ನಮ್ಮ ಹೆಂಗಸರಿಗೆ.

ಮಗಳು: ಆ ಹೆದರಿಕೆಯಿಂದ ಒಂದು ವರ್ಷ ರಜಾ ಸಿಕ್ಕಿದ್ದೂ ಆಗಲೇ. ನಮ್ಮ ಪೇಶೆಂಟ್ ಒಬ್ಬರು ಹೇಳ್ತಿದ್ರು, ಲಾಕ್‌ಡೌನ್‌ನಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ ಅಂತ. ಮದುವೆ ಇಲ್ಲ, ಸೀಮಂತ ಇಲ್ಲ, ತೊಟ್ಟಿಲು ಶಾಸ್ತ್ರ ಇಲ್ಲ. 'ಏನಮ್ಮ, ವಿಶೇಷ ಏನಾದ್ರೂ ಇದೆಯಾ' ಅಂತ ಕೇಳೋರೇ ಇಲ್ಲ.

ಚಿಕ್ಕಮ್ಮ: ನಿನ್ನ ಹರಪನಹಳ್ಳಿಯವಳಿಗೆ ಮಗು ಆಯ್ತಾ?

ಮಗಳು: ಎರಡನೇ ಟ್ರಾನ್ಸ್‌ಫರ್‌ಗೆ ಆಯ್ತು, ಹೆಣ್ಣು ಮಗು. ನನ್ನ ತಲೆಯಲ್ಲಿ ಕೂತಿರೋಳು ಅವಳಲ್ಲ. ಇನ್ನೊಬ್ಬಳಿದ್ದಾಳೆ. 2020ರ ಫೆಬ್ರವರಿಯಲ್ಲಿ ಅವಳದ್ದು ಮೂರು ಭ್ರೂಣ ಫ್ರೀಜ್ ಮಾಡಿದ್ವಿ. ಏಪ್ರಿಲ್ಲಿಗೆ ಟ್ರಾನ್ಸ್‌ಫರ್ ಅಂತ ದಿನ ಕೊಟ್ಟಾಗಿತ್ತು. ಮಾರ್ಚ್ ಕೊನೆಗೆ ಫೋನ್ ಮಾಡಿದಳು. ಎತ್ತಿದ್ದು ನಾನೇ. ಮುಂದಿನ ತಿಂಗಳು ಬನ್ನಿ ಅಂದೆ. ಪ್ರತಿ ತಿಂಗಳು ಒಂದನೇ ತಾರೀಕು ಮಾಡ್ತಿದ್ದಳು, ಬಾಡಿಗೆ ಕೇಳೋರ ಥರ. ಬಸ್ಸು ಬಿಟ್ಟ ಮೇಲೆ ಬನ್ನಿ ಅಂದೆ. ಬಸ್ಸು ಮೇ 19ಕ್ಕೇ ಶುರು ಆಯ್ತು. ಆಗ ಅವರ ಕಡೆ ದುಡ್ಡು ಸಾಲದು ಅಂತ ತಡ. ಅಷ್ಟರಲ್ಲಿ ಎರಡನೇ ಅಲೆ ಬಂತು, ಮಾವನಿಗೆ ಆಯ್ತು. ಹದಿನಾರು ದಿನ ಆಸ್ಪತ್ರೆ. ಗಂಟೂ ಹೋಯ್ತು, ಮಾವನೂ ಹೋದ್ರು. ಆಮೇಲೆ ಫೋನ್ ಬಂದಿಲ್ಲ.

ಚಿಕ್ಕಮ್ಮ: ನೀನು ಮಾಡಬೇಕಿತ್ತು.

ಮಗಳು: ಮಾಡಿದೆ. 'ನೀವು ಕರೆ ಮಾಡಿದ ಚಂದಾದಾರರು' ಅಂತ ಶುರುವಾಗುತ್ತಲ್ಲ, ಅದೇ.

ಚಿಕ್ಕಮ್ಮ: ಊರು ಯಾವುದು? ಅಲ್ಲಿ ಆಶಾ ಕಾರ್ಯಕರ್ತೆಯರು ನನಗೆ... (ತಡೆದು) ಬೇಡ ಬಿಡು. ಕೇಳಬಾರದು ನಾನು.

ಮಗಳು: ಹೇಳೋ ಹಾಗಿಲ್ಲ ಚಿಕ್ಕಮ್ಮ. ಅವಳು ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಚಿಕ್ಕಮ್ಮ: ಅವು ಇನ್ನೂ ಇದಾವಾ?

ಮಗಳು: ಎರಡನೇ ಕ್ಯಾನು, ಹಸಿರು ಸ್ಟ್ರಾ. ವರ್ಷ ವರ್ಷ ಕಟ್ಟಬೇಕಾದ ಫೀಸು ಬಾಕಿ ಬಿದ್ದಿದೆ, ನಮ್ಮ ಡಾಕ್ಟರು ಕಂಡೂ ಕಾಣದ ಹಾಗೆ ಇದ್ದಾರೆ. 2021ರ ಕಾಯ್ದೆ ಪ್ರಕಾರ ಹತ್ತು ವರ್ಷ ಇಡಬಹುದು. ಅಂದ್ರೆ 2030ರ ಫೆಬ್ರವರಿ.

ಚಿಕ್ಕಮ್ಮ: ಆಗ ಅವಳಿಗೆ ಎಷ್ಟು?

ಮಗಳು: ನಲವತ್ತಾರು. ಐವತ್ತರೊಳಗೆ ಇದ್ರೆ ಕಾಯ್ದೆ ಒಪ್ಪುತ್ತೆ.

ಚಿಕ್ಕಮ್ಮ: (ಬೋಗುಣಿ ಬಗ್ಗಿಸಿ ತಳ ಕೆರೆಯುತ್ತಾ) ತುಂಬೋದು ಸೋಮವಾರ ಅಂದೆಯಲ್ಲ, ನಾಡಿದ್ದು ನಾನೂ ಬಂದು ನೋಡಬಹುದಾ?

ಮಗಳು: ಬನ್ನಿ. ಕೈಗೆ ಸ್ಯಾನಿಟೈಸರ್ ಹಚ್ಕೊಂಡು ಬರಬೇಡಿ.